ಜ್ವರ ಬಂದ ಮೊಬೈಲಿಗೆ ದಿಂಬಮ್ಮನ ಆರೈಕೆ

ಟೈಲರ್ ಹೊನ್ನೂರಮ್ಮನ ದಿಂಬಿನಷ್ಟು ಮೆತ್ತನೆಯ ಮನಸ್ಸು ಮೂರು ಲೋಕದಲ್ಲೂ ಇಲ್ಲ. ಎರಡು ಲೋಕ ಹುಡುಕಿ ಸುಸ್ತಾದವರೇ ಹೇಳಿದ ಮಾತಿದು. ಒಂದು ದಿನ ಹೊನ್ನೂರಮ್ಮ ಮೊಬೈಲನ್ನು ಚಾರ್ಜಿಗೆ ಹಾಕಿ, ದಿಂಬಿನಡಿಗೆ ತಳ್ಳಿ ನಿದ್ದೆಹೋದಳು. ದಿಂಬಿಗೆ ಸಂಭ್ರಮವೋ ಸಂಭ್ರಮ. "ಬಾ ಮಗನೇ, ಬೆಚ್ಚಗೆ ಮಲಗು" ಎಂದು ಅಪ್ಪಿಕೊಂಡಿತು.

ಸ್ವಲ್ಪ ಹೊತ್ತಿಗೆ ಮೊಬೈಲ್ ನರಳಿತು. "ಅಮ್ಮಾ, ಮೈ ಸುಡುತ್ತಿದೆ."

"ಜ್ವರ ಕಣೋ! ಹೊದ್ದು ಬೆವರಿದರೆ ಇಳಿಯುತ್ತದೆ." ದಿಂಬು ಇನ್ನಷ್ಟು ಒತ್ತಿಕೊಂಡಿತು.

"ನನಗೆ ಬೆವರಲು ಬರುವುದಿಲ್ಲಮ್ಮ. ಗಾಳಿ ಬೇಕು."

"ಜ್ವರದಲ್ಲಿ ಗಾಳಿಯೇ? ಸುಮ್ಮನಿರು!" ಎಂದ ದಿಂಬು, ಹಳೆ ಸೀರೆಗಳ ಕೌದಿಯನ್ನೂ ಕರೆಯಿತು. "ಅಕ್ಕಾ, ನೀನೂ ಬಂದು ಹೊದಿಸು."

ಕೌದಿ ಮೊಬೈಲನ್ನು ಮುಟ್ಟಿ ಬೆಚ್ಚಿಬಿತ್ತು. "ಏ ಹುಚ್ಚಿ, ನಿನ್ನ ಹೊಟ್ಟೆ ತುಂಬ ಹತ್ತಿ! ಇವನ ಕಾವು ಏರಿದರೆ ಮೊದಲು ಹೊತ್ತಿಕೊಳ್ಳುವವಳು ನೀನು, ಆಮೇಲೆ ನಿನ್ನ ಮೇಲೆ ತಲೆಯಿಟ್ಟವಳು. ಕೆಳಗೆ ತಳ್ಳು!"

"ಕೂಸನ್ನು ಬರಿನೆಲಕ್ಕೆ ತಳ್ಳಲೇ?" ದಿಂಬಿಗೆ ಅಳು ಬಂತು. ಅಷ್ಟರಲ್ಲಿ ತನ್ನದೇ ಗವಸು ಸೀಯುವ ವಾಸನೆ ಅದರ ಮೂಗಿಗೆ ಬಡಿಯಿತು. ಒಂದೇ ಗೇಣಿನಾಚೆ ಹೊನ್ನೂರಮ್ಮ ನೆಮ್ಮದಿಯಾಗಿ ಉಸಿರಾಡುತ್ತಿದ್ದಳು. ದಿಂಬು ಗಟ್ಟಿಯಾಗಿ ಕಣ್ಣು ಮುಚ್ಚಿ ಮಗ್ಗುಲಾಯಿತು. ವೈರು ಕಳಚಿ, ಮೊಬೈಲ್ ಧಡ್ಡೆಂದು ನೆಲಕ್ಕೆ ಬಿತ್ತು.

ದಿಂಬು ಮಂಚದಂಚಿನಿಂದ ಬಗ್ಗಿ, ನಡುಗುವ ದನಿಯಲ್ಲಿ ಕೇಳಿತು: "ಪೆಟ್ಟಾಯಿತೇ ಮಗನೇ?"

"ಗಾಜು ಸ್ವಲ್ಪ ಬಿರುಕು ಬಿಟ್ಟಿದೆ," ಎಂದಿತು ಮೊಬೈಲ್. "ಆದರೆ ಅಮ್ಮಾ, ಈ ನೆಲ ಎಷ್ಟು ತಂಪಾಗಿದೆ!"