ಬಿಳಿ ಗೋಡೆಯ ಹನ್ನೆರಡು ತೂತು

ಹುಲ್ಲುಮೊಟ್ಟೆ ಎಂಬ ಗುಡ್ಡದ ಬುಡದಲ್ಲಿ ಜೋಯಪ್ಪ ಗೌಡರ ಮನೆ ಇತ್ತು. ಇತ್ತು ಅಂತಲೇ ಹೇಳಬೇಕು ಮಕ್ಕಳೇ, ಈಗ ಅಲ್ಲಿ ಮನೆ ಇಲ್ಲ. ಗೌಡರು ಕೆಟ್ಟವರಲ್ಲ. ಮನೆಗೆ ಬಂದವರಿಗೆ ಊಟ ಹಾಕದೆ ಕಳಿಸಿದವರಲ್ಲ. ಅವರಿಗೆ ಇದ್ದದ್ದು ಒಬ್ಬಳೇ ಮಗಳು, ದೇವಕಿ. ಆ ವರ್ಷ ಮೇ ತಿಂಗಳ ಕೊನೆಗೆ ಅವಳ ಮದುವೆ ಗೊತ್ತಾಯಿತು.

ಮಾತುಕತೆಗೆ ಬಂದ ಬೀಗರ ಕಡೆಯ ಹಿರಿಯರೊಬ್ಬರು ಕಾಫಿ ಕುಡಿಯುತ್ತಾ ಅಂಗಳ ನೋಡಿದರು. "ಅಂಗಳ ಸ್ವಲ್ಪ ಇಕ್ಕಟ್ಟಾಯ್ತಲ್ಲ ಗೌಡ್ರೇ, ನಾಲ್ಕು ಜೀಪು ಬಂದರೆ ತಿರುಗಿಸೋಕೆ ಜಾಗ ಇಲ್ಲ" ಎಂದರು. ಅವರು ಸುಮ್ಮನೆ ಹೇಳಿದ್ದು. ಮನೆಗೆ ಹೋಗುವಷ್ಟರಲ್ಲಿ ಮರೆತೂ ಬಿಟ್ಟಿದ್ದರು. ಗೌಡರು ಮಾತ್ರ ಮರೆಯಲಿಲ್ಲ.

ಮರುವಾರವೇ ಜೇಸಿಬಿ ಬಂತು. ಮನೆಯ ಹಿಂದಿನ ಗುಡ್ಡವನ್ನು ನೆಟ್ಟಗೆ, ಎರಡಾಳೆತ್ತರ ಕಡಿದರು. ಮದುವೆ ಚಪ್ಪರದ ಮೇಲೆ ಬಿದ್ದಾವು ಎಂದು ಮೇಲಿದ್ದ ದೊಡ್ಡ ಮರಗಳನ್ನೂ ಉರುಳಿಸಿದರು. ಗುಡ್ಡದ ನೆತ್ತಿಯ ಮಳೆನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಲು ಅಜ್ಜಂದಿರ ಕಾಲದ ಒಂದು ತೋಡು ಇತ್ತು. ಪ್ರತಿ ವರ್ಷ ಮಳೆಗೆ ಮೊದಲು ಮನೆಗೊಬ್ಬರಂತೆ ಹೋಗಿ ಅದರ ಕಸ ಬಳಿದು ಬರುತ್ತಿದ್ದರು. ಜೇಸಿಬಿ ಮೇಲೆ ಹತ್ತಲು ದಾರಿ ಬೇಕೆಂದು ಆ ತೋಡಿಗೇ ಮಣ್ಣು ತುಂಬಿದರು. ಆ ವರ್ಷ ಕಸ ಬಳಿಯುವ ಕೆಲಸವೇ ಇಲ್ಲ ಎಂದು ಊರವರಿಗೂ ಖುಷಿ. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಕಡಿದ ಜಾಗಕ್ಕೆ ತಡೆಗೋಡೆ ಕಟ್ಟಲು ಐತಪ್ಪ ಮೇಸ್ತ್ರಿ ಬಂದ. ಆ ಸೀಮೆಯಲ್ಲಿ ಅವನಷ್ಟು ಚೊಕ್ಕ ಕೆಲಸದವರು ಇರಲಿಲ್ಲ. ಗೋಡೆ ಎಬ್ಬಿಸುವಾಗ ಅವನು ಅಲ್ಲಲ್ಲಿ ಪೈಪಿನ ತುಂಡು ಇಟ್ಟು ಹನ್ನೆರಡು ತೂತು ಬಿಟ್ಟ. ಮಣ್ಣಿನೊಳಗಿನ ನೀರು ಹೊರಗೆ ಬರಬೇಕಲ್ಲ, ಅದಕ್ಕೆ. ಗೋಡೆಗೆ ಹಾಲಿನ ಬಣ್ಣದ ಪೇಂಟೂ ಆಯಿತು.

ಮದುವೆಗೆ ನಾಲ್ಕು ದಿನ ಇದೆ ಎನ್ನುವಾಗ ಒಂದು ಮಳೆ ಹೊಡೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಹನ್ನೆರಡು ತೂತಿನಿಂದಲೂ ಕೆಮ್ಮಣ್ಣಿನ ನೀರು ಸೋರಿ ಬಿಳಿ ಗೋಡೆಯೆಲ್ಲಾ ಕಲೆ. ಅಂಗಳದಲ್ಲಿ ಕಾಲಿಟ್ಟರೆ ಜಾರುತ್ತಿತ್ತು.

"ಇದೇನು ಮೇಸ್ತ್ರಿ, ನನ್ನ ಮಾನ ತೆಗೀತೀಯಾ? ಮುಚ್ಚು ಅದನ್ನೆಲ್ಲಾ" ಎಂದರು ಗೌಡರು.

"ಮುಚ್ಚಬಾರದು ಗೌಡ್ರೇ. ನೀರು ಒಳಗೇ ನಿಂತರೆ ಗೋಡೆ ತಡೆಯೋದಿಲ್ಲ."

"ನೀನು ಮುಚ್ಚದಿದ್ದರೆ ಇನ್ನೊಬ್ಬ ಮುಚ್ತಾನೆ. ನನಗೇನು ಮೇಸ್ತ್ರಿಗಳಿಗೆ ಬರವಾ?"

ಐತಪ್ಪ ಸಿಮೆಂಟು ಕಲಸಿದ. ಮದುವೆ ಮುಗಿದ ಮರುದಿನ ಬಂದು ಕುಟ್ಟಿ ತೆಗೆದರಾಯಿತು ಎಂದು ತನಗೆ ತಾನೇ ಹೇಳಿಕೊಂಡು ಹನ್ನೆರಡನ್ನೂ ಮುಚ್ಚಿ, ಮೇಲೆ ಪೇಂಟು ಬಳಿದ.

ಮದುವೆ ಜೋರಾಗಿಯೇ ಆಯಿತು. ಹನ್ನೊಂದು ಜೀಪು ನಿಂತವು. ಮೇಸ್ತ್ರಿಗೆ ಬೇರೆ ಊರಿನ ಕೆಲಸ ಸಿಕ್ಕಿತು, ಅವನು ಅತ್ತ ಹೋದ. ಮಳೆಗಾಲ ಹಿಡಿಯಿತು. ಗೋಡೆಯಿಂದ ಒಂದು ಹನಿಯೂ ಸೋರಲಿಲ್ಲ. ಬಂದವರೆಲ್ಲ ಕೈಯಿಟ್ಟು ನೋಡಿ, "ಎಂಥಾ ಗೋಡೆ ಗೌಡ್ರೇ, ಇಷ್ಟು ಮಳೆಗೂ ಒಂದು ಕಲೆ ಇಲ್ಲ" ಎಂದು ಹೊಗಳಿ ಹೋದರು. ಅಷ್ಟೆಲ್ಲಾ ನೀರು ಹಾಗಾದರೆ ಎಲ್ಲಿದೆ ಎಂದು ಒಬ್ಬನೂ ಕೇಳಲಿಲ್ಲ.

ಜುಲೈ ಅರ್ಧಕ್ಕೆ ಆಟಿ ತಿಂಗಳು ಬಂತು. ಹೊಸದಾಗಿ ಮದುವೆಯಾದ ಹುಡುಗಿ ಆಟಿಯಲ್ಲಿ ತವರಿಗೆ ಬಂದು ಇರುವುದು ಆ ಕಡೆಯ ರೂಢಿ. ತಿಂಗಳು ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ದೇವಕಿಯೂ ಬಂದಳು. ಹಿಂದಿನ ಕೋಣೆ, ಗೋಡೆಗೆ ಹತ್ತಿರದ್ದು, ಮೊದಲಿನಿಂದಲೂ ಅವಳದೇ.

ಹದಿನೈದು ದಿನ ಕಳೆದಾಗ ಆ ಕೋಣೆಯ ಬಾಗಿಲು ಮುಚ್ಚಿಕೊಳ್ಳುವುದನ್ನು ಬಿಟ್ಟಿತು. ಎಷ್ಟು ನೂಕಿದರೂ ದಾರಂದಕ್ಕೆ, ಅಂದರೆ ಬಾಗಿಲ ಚೌಕಟ್ಟಿಗೆ, ಸಿಕ್ಕಿ ನಿಲ್ಲುತ್ತಿತ್ತು. ಮಳೆಗೆ ಮರ ಉಬ್ಬಿದೆ ಎಂದು ಗೌಡರು ಐತಪ್ಪನಿಗೆ ಹೇಳಿ ಕಳಿಸಿದರು. ಅವನಿಗೆ ಸಣ್ಣಪುಟ್ಟ ಮರಗೆಲಸವೂ ಗೊತ್ತಿತ್ತು.

"ಬಾ ಐತಪ್ಪಣ್ಣ. ನಮ್ಮ ಬಾಗಿಲಿಗೆ ಮದುವೆ ಊಟ ಹೆಚ್ಚಾಗಿ ಮೈ ಬಂದಿದೆ, ಸ್ವಲ್ಪ ಇಳಿಸಿಕೊಡು" ಎಂದಳು ದೇವಕಿ. ಆಮೇಲೆ, "ಹಿತ್ತಿಲ ಒರತೆಯೂ ಕೆಟ್ಟಿದೆ. ವಾರದಿಂದ ಕೆಂಪು ನೀರು ಬರ್ತಿತ್ತು, ನಿನ್ನೆಯಿಂದ ಅದೂ ನಿಂತಿದೆ. ಇಷ್ಟು ಮಳೆಯಲ್ಲಿ ಒರತೆ ಬತ್ತುತ್ತದಾ?" ಎಂದು ಕೇಳಿದಳು.

ಐತಪ್ಪನ ಮುಖ ಸಣ್ಣದಾಯಿತು. ಚೀಲದಿಂದ ದಾರಕ್ಕೆ ಕಟ್ಟಿದ ತೂಕದಗುಂಡು ತೆಗೆದು ದಾರಂದದ ಪಕ್ಕ ಇಳಿಬಿಟ್ಟ. ದಾರ ನೆಟ್ಟಗಿತ್ತು. ದಾರಂದ ಎರಡು ಬೆರಳು ವಾಲಿತ್ತು. ಅದನ್ನು ಏಳು ವರ್ಷದ ಹಿಂದೆ ನಿಲ್ಲಿಸಿದವನು ಅವನೇ. ಆಗ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ಗೌಡ್ರೇ, ಮರ ಉಬ್ಬಿದ್ದಲ್ಲ. ಗೋಡೆ ಹಿಂದೆ ನೀರು ನಿಂತು ನೆಲ ಸರಿದಿದೆ. ತೂತು ಬಿಡಿಸ್ತೇನೆ. ಇವತ್ತೇ ಎಲ್ಲರೂ ಮನೆ ಬಿಡಿ."

ಗೌಡರು ನಕ್ಕರು. "ಇನ್ನು ಹದಿನೈದು ದಿನಕ್ಕೆ ಬೀಗರು ಬರ್ತಾರೆ. ಅಂಗಳಕ್ಕೆ ಕೆಸರು ಬಿಟ್ಟು, ಮನೆಗೆ ಬೀಗ ಹಾಕಿ ಕೂತುಕೊಳ್ಳಲಾ?"

"ಅಪ್ಪ, ನಾನಾದರೂ ಚಿಕ್ಕಮ್ಮನ ಮನೆಯಲ್ಲಿ ಇರ್ತೇನೆ. ನನಗೆ ಯಾಕೋ ಹೆದರಿಕೆ ಆಗ್ತಿದೆ" ಎಂದಳು ದೇವಕಿ.

"ಆಟಿಗೆ ತವರಿಗೆ ಬಂದವಳು ಬೇರೆಯವರ ಮನೆಯಲ್ಲಿ ಇದ್ದರೆ ಊರು ಏನಂದೀತು? ಸುಮ್ಮನಿರು. ಬೀಗರು ಬಂದು ನಿನ್ನ ಕರ್ಕೊಂಡು ಹೋದ ಮರುದಿನವೇ ಮೇಸ್ತ್ರಿ ಪೈಪಿನ ಸಿಮೆಂಟು ಕುಟ್ಟಿ ತೆಗೀಲಿ. ನಾನೇ ಹಾರೆ ಹಿಡೀತೇನೆ."

ಐತಪ್ಪ ಮೂರು ಸಲ ಹೇಳಿದ. ಮೂರನೇ ಸಲಕ್ಕೆ ಗೌಡರು, "ನಿನ್ನನ್ನು ಕರೆಸಿದ್ದು ಬಾಗಿಲಿಗೆ" ಎಂದರು.

ಇಲ್ಲಿ ಕೇಳಿ ಮಕ್ಕಳೇ. ಅವನು ಉಳಿ ಎತ್ತಿ ಬಾಗಿಲಿನ ಅಂಚು ಕೆತ್ತಿದ. ಗೊತ್ತಿದ್ದೂ ಕೆತ್ತಿದ. ಒಂದು ಗಂಟೆಯಲ್ಲಿ ಬಾಗಿಲು ಬೆರಳಲ್ಲಿ ತಳ್ಳಿದರೆ ಮುಚ್ಚುವ ಹಾಗಾಯಿತು. ದೇವಕಿ ಅವನಿಗೆ ಕಾಫಿ ಕೊಟ್ಟಳು. ಕುಡಿದು ಹೋದ.

ನಾಲ್ಕನೆಯ ದಿನ, ಬೆಳಿಗ್ಗೆ ಹತ್ತೂವರೆ. ಗೌಡರೂ ಹೆಂಡತಿಯೂ ಒಡೆದ ಬದು ಕಟ್ಟಲು ಗದ್ದೆಗೆ ಇಳಿದಿದ್ದರು. ದೇವಕಿ ಚಳಿಗೆ ಬಾಗಿಲು ಮುಚ್ಚಿಕೊಂಡು ಒಳಗಿದ್ದಳು. ಗುಡ್ಡದಿಂದ ಲಾರಿಯಲ್ಲಿ ಜಲ್ಲಿ ಸುರಿದ ಸದ್ದು ಬಂತು. ಗೌಡರು ತಲೆ ಎತ್ತಿ ನೋಡುವಾಗ ಮನೆಯ ಹೆಂಚಿನ ಮಾಡು ಕಾಣಲಿಲ್ಲ.

ಊರಿಗೆ ಊರೇ ಸೇರಿ ಎರಡು ದಿನ ಮಣ್ಣು ತೆಗೆಯಿತು. ದೇವಕಿ ಬಾಗಿಲ ಹತ್ತಿರವೇ ಇದ್ದಳು. ಓಡಿ ಬಂದಿದ್ದಳು ಪಾಪ, ಬಾಗಿಲಿನವರೆಗೆ ಬಂದಿದ್ದಳು.

ಗೋಡೆ ಒಂದೇ ತುಂಡಾಗಿ ಬಿದ್ದಿತ್ತು. ಮೇಲಿನ ಕೆಸರನ್ನು ಮಳೆಯೇ ತೊಳೆದಿತ್ತು. ಹನ್ನೆರಡು ತೂತಿನ ಸಿಮೆಂಟೂ ಹಾಗೇ ಇತ್ತು, ಪೇಂಟಿನಲ್ಲಿ ಒಂದು ಕಲೆ ಇರಲಿಲ್ಲ. ಗೌಡರು ಅದರ ಎದುರು ಕುಕ್ಕರಗಾಲಲ್ಲಿ ಕೂತಿದ್ದರು.

ಐತಪ್ಪ ಬಂದು ಸ್ವಲ್ಪ ದೂರದಲ್ಲಿ ನಿಂತ. ಗೌಡರು ಅವನನ್ನು ನೋಡದೆಯೇ, "ನೀನು ಹೇಳಿದ್ದೆ ಮೇಸ್ತ್ರಿ" ಎಂದರು.

"ಹೇಳಿದ್ದೆ" ಎಂದ ಐತಪ್ಪ. "ಹೇಳಿ ಮುಚ್ಚಿದವನೂ ನಾನೇ. ಆ ಬಾಗಿಲು ಕೆತ್ತಿದವನೂ ನಾನೇ ಗೌಡ್ರೇ. ನಾನು ಕೆತ್ತದೇ ಎದ್ದು ಹೋಗಿದ್ದರೆ, ಮುಚ್ಚದ ಬಾಗಿಲಿನ ಕೋಣೆಯಲ್ಲಿ ಅವಳು ಮಲಗುತ್ತಿರಲಿಲ್ಲ. ಚಿಕ್ಕಮ್ಮನ ಮನೆಗೆ ಹೋಗಿರುತ್ತಿದ್ದಳು."

ಈಗ ಪ್ರತಿ ವರ್ಷ ಮೊದಲ ಮಳೆಗೆ ಮುಂಚೆ ಇಬ್ಬರು ಮುದುಕರು ಆ ಸೀಮೆಯ ಮನೆಮನೆಗೆ ಹೋಗುತ್ತಾರೆ. ಒಬ್ಬರ ಕೈಯಲ್ಲಿ ಕಬ್ಬಿಣದ ಸರಳು, ಇನ್ನೊಬ್ಬರ ಕೈಯಲ್ಲಿ ಹಾರೆ. ತಡೆಗೋಡೆ ಇದ್ದಲ್ಲೆಲ್ಲಾ ಪೈಪಿಗೆ ಸರಳು ಹಾಕಿ ಕಸ ತೆಗೆಯುತ್ತಾರೆ, ನೆತ್ತಿಯ ತೋಡು ಬಿಡಿಸುತ್ತಾರೆ. ಗೋಡೆಗೆ ಕಲೆಯಾಗುತ್ತದೆ ಎಂದು ಯಾರಾದರೂ ಗೊಣಗಿದರೆ ಐತಪ್ಪ ಸರಳು ಆಡಿಸುತ್ತಲೇ ಇರುತ್ತಾನೆ. ಗೌಡರು ಮಾತ್ರ, "ಆಗಲಿ ಬಿಡಿ, ನಮ್ಮ ಗೋಡೆಗೆ ಆಗಿರಲಿಲ್ಲ" ಎನ್ನುತ್ತಾರೆ.

ನೀತಿ: ಗುಡ್ಡ ಕಡಿದು, ಮರ ಉರುಳಿಸಿ, ನೀರಿನ ದಾರಿ ಮುಚ್ಚಿದರೆ ಗುಡ್ಡ ಕುಸಿಯುತ್ತದೆ. ಒರತೆ ಕೆಂಪಾದಾಗ, ಬಾಗಿಲು ಸಿಕ್ಕಿಕೊಂಡಾಗ, ಅದು ಮನೆ ಬಿಡಿ ಎಂದು ನೆಲವೇ ಹೇಳಿದ ಹಾಗೆ. ಬೀಗರು ಏನಂದಾರು, ಊರು ಏನಂದೀತು ಎಂದು ಕಾಯಬೇಡಿ. ಮತ್ತು ತಪ್ಪೆಂದು ಗೊತ್ತಿರುವವನು ಬಾಯಲ್ಲಿ ಬೇಡ ಎಂದರೆ ಸಾಲದು, ಕೈಯಲ್ಲೂ ಮಾಡಬಾರದು.