ಗಂಜಿ ವೈದ್ಯ

“ಬುದ್ಧಿ, ಶಾಂತಮಲ್ಲ ಯಾರ ಪದ್ಯ ಕೇಳಿದರೂ ‘ಅದ್ಭುತ’ ಎನ್ನುತ್ತಾನೆ. ಮಠದವರೆಲ್ಲ ಅವನನ್ನೇ ಸುತ್ತಿಕೊಂಡು ಕೂರುತ್ತಾರೆ. ನಾನು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ತನ್ನ ಪದ್ಯ ಓದಲು ಬರುವ ಅವನೊಬ್ಬನನ್ನು ಬಿಟ್ಟರೆ ನನ್ನತ್ತ ಯಾರೂ ಸುಳಿಯುವುದಿಲ್ಲ. ನಾನೂ ಅವನಂತೆಯೇ ಹೇಳಿದರೆ ತಪ್ಪೇನು?” ಎಂದು ಮರಿದೇವ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೇ ಬೀದಿಯಲ್ಲಿ ಇಬ್ಬರು ವೈದ್ಯರಿದ್ದರು. ಮೇಲಿನ ಮನೆಯವನು ಯಾರ ಮೈ ಬಿಸಿಯಾದರೂ ಜೀವ ತೆಗೆಯುವ ಸನ್ನಿ ಜ್ವರವೆಂದು ಹೇಳಿ ಕಷಾಯ ಕುಡಿಸುತ್ತಿದ್ದ. ಹೆಚ್ಚಿನವರದು ಬರಿಯ ನೆಗಡಿ ಜ್ವರ, ತಾನಾಗಿಯೇ ಇಳಿಯುತ್ತಿತ್ತು. ಸನ್ನಿಯ ಬಾಯಿಂದ ಪಾರಾಗಿ ಬಂದೆವೆಂದು ಅವರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಕೆಳಗಿನ ಮನೆಯವನು ನಾಡಿ ಹಿಡಿದು, ನಾಲಗೆ ನೋಡಿ, ಬಹುಮಂದಿಗೆ “ಇದು ಸನ್ನಿಯಲ್ಲ, ಗಂಜಿ ಕುಡಿದು ಮಲಗು” ಎನ್ನುತ್ತಿದ್ದ. ಸನ್ನಿಯನ್ನು ಇಳಿಸುವ ಬೇರು ಅವನಲ್ಲಿತ್ತು. ಅದು ವರ್ಷಕ್ಕೊಮ್ಮೆ ದೂರದ ಬೆಟ್ಟದಲ್ಲಿ ಒಂದು ಹಿಡಿಯಷ್ಟೇ ಸಿಗುತ್ತಿತ್ತು. ನಿಜವಾದ ಸನ್ನಿಗಲ್ಲದೆ ಅವನು ಅದನ್ನು ಮುಟ್ಟುತ್ತಿರಲಿಲ್ಲ.

“ಗಂಜಿ ಕುಡಿ ಅನ್ನೋಕೆ ನೀವ್ಯಾಕೆ ಬೇಕು, ವೈದ್ಯರೇ? ನಮ್ಮತ್ತೆ ಸಾಲದಾ?” ಎಂದು ಒಬ್ಬ ಹೆಂಗಸು ಎದ್ದು ಮೇಲಿನ ಮನೆಗೆ ನಡೆದಳು. ಅಂದಿನಿಂದ ಕೆಳಗಿನ ಮನೆಯವನಿಗೆ ಗಂಜಿ ವೈದ್ಯ ಎಂದೇ ಹೆಸರು ಬಿತ್ತು.

ಮೇಲಿನ ಮನೆಯ ಜಗಲಿ ತುಂಬಿದ್ದನ್ನು ಕಂಡಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ಅಲ್ಲಿ ಯಾರು ನಕ್ಕರೂ ತನ್ನನ್ನು ನೋಡಿಯೇ ನಕ್ಕಂತೆ ಕೇಳಿಸುತ್ತಿತ್ತು. ಕೊನೆಗೆ ಒಂದು ದಿನ ಅವನೂ ನೆಗಡಿಯವನೊಬ್ಬನ ನಾಡಿ ಹಿಡಿದು “ಸನ್ನಿ” ಎಂದ. ಮೇಲಿನವನನ್ನು ಮೀರಿಸಬೇಕೆಂದು ಕಷಾಯವನ್ನಲ್ಲ, ಬೇರನ್ನೇ ತೇಯ್ದು ಕೊಟ್ಟ. ಅವನ ಜಗಲಿಯೂ ತುಂಬಿತು. ಕಣ್ಣು ಮೇಲಿನ ಮನೆಯ ಮೇಲೆ, ಕೈ ಸಾಣೆಕಲ್ಲಿನ ಮೇಲೆ. ಬೇರು ಸವೆದದ್ದು ಅವನಿಗೆ ಕಾಣಲಿಲ್ಲ.

ಒಂದು ಮಧ್ಯಾಹ್ನ ಮೇಲಿನ ಮನೆಯ ವೈದ್ಯ ಮಗಳನ್ನು ಹೆಗಲಿಗೆ ಹಾಕಿಕೊಂಡು ಅವನ ಬಾಗಿಲಿಗೆ ಓಡಿ ಬಂದ.

“ನಾನು ಎಲ್ಲರಿಗೂ ಸನ್ನಿ ಅಂತೀನಿ ಕಣಯ್ಯಾ. ಇವಳಿಗೆ ಏನಾಗಿದೆಯೋ ನನಗೆ ಗೊತ್ತಾಗ್ತಿಲ್ಲ. ನೀನು ನೋಡಿ ಹೇಳು.”

ಎಷ್ಟೋ ಕಾಲದಿಂದ ಗಂಜಿ ವೈದ್ಯ ಕೇಳಬಯಸಿದ್ದ ಮಾತು ಅದು. ನಾಡಿ ಹಿಡಿದ. ಸನ್ನಿಯೇ ಆಗಿತ್ತು. ಭರಣಿಗೆ ಕೈ ಹಾಕಿದ. ಬೇರಿನ ಒಂದು ಚೂರೂ ಉಳಿದಿರಲಿಲ್ಲ. ಸಂಜೆಯಾಗುವ ಮೊದಲೇ ಮಗು ತೀರಿಕೊಂಡಿತು.

“ಆದರೆ ಬುದ್ಧಿ, ಅದ್ಭುತ ಎಂದರೆ ಯಾರೂ ಸಾಯುವುದಿಲ್ಲವಲ್ಲ” ಎಂದ ಮರಿದೇವ.

ಗುರುಗಳು ಕೇಳಿದರು: “ಶಾಂತಮಲ್ಲ ತಾನು ಬರೆದ ಪದ್ಯವನ್ನು ಮೊದಲು ನಿನಗೇ ಯಾಕೆ ಓದುತ್ತಾನೆ?”