ಹಲಗೆ ಸುಮ್ಮನಿದ್ದ ಹೊತ್ತು

"ಅಜ್ಜಾರ, ನಿಮ್ಮ ಹಿಂದ ಈ ಮಠಕ್ಕ ಯಾರನ್ನ ಆರಿಸಬೇಕ್ರಿ?"

ಹಾಲಯ್ಯ ಇದನ್ನು ಕೇಳಿದ್ದು ಮಠದ ಒಳಕೋಣೆಯಲ್ಲಿ, ಸ್ವಾಮಿಗಳು ಗಂಜಿ ಕುಡಿದು ಬಟ್ಟಲು ಕೆಳಗಿಟ್ಟ ಮೇಲೆ. ಸ್ವಾಮಿಗಳಿಗೆ ವಯಸ್ಸಾಗಿತ್ತು. ಕೆಲವು ದಿನಗಳಿಂದ ಕಾಡುತ್ತಿದ್ದ ಜ್ವರ ಅಂದು ಬೆಳಿಗ್ಗೆಯಷ್ಟೇ ಬಿಟ್ಟಿತ್ತು. ಆ ಸುದ್ದಿಯನ್ನು ಹೊರಗೆ ಜಗಲಿಯಲ್ಲಿ ಕೂತಿದ್ದ ಶಿಷ್ಯರಿಗೂ ಭಕ್ತರಿಗೂ ಮುಟ್ಟಿಸಿ ಬಂದವನು ಹಾಲಯ್ಯನೇ.

"ಜಗಲಿ ಮ್ಯಾಲೆ ದಿನಾ ಇದ ಮಾತು ನಡದೈತ್ರಿ," ಎಂದ. "ಅರ್ಧ ಮಂದಿ ಕಾಶಿಯೊಳಗ ಓದಿ ಬಂದಾವ ಬೇಕಂತಾರ. ಅರ್ಧ ಮಂದಿ ದಾಸೋಹ ನೋಡಿಕೊಳ್ಳಾವ ಬೇಕಂತಾರ. ಆರಿಸೂದ್ರಾಗ ತಪ್ಪಾತಂದ್ರ ಮಠದ ಗತಿ ಏನ್ರಿ? ನನಗ ಅನ್ನ ಸೇರವಲ್ದು."

ಅವನ ಆತಂಕ ಸುಳ್ಳಲ್ಲ. ಮುಖ ಬಾಡಿತ್ತು. ಮಾತು ಮುಗಿದರೂ ಕೈಗಳು ಹೆಗಲ ಮೇಲಿನ ವಸ್ತ್ರವನ್ನು ಹಿಂಡುತ್ತಲೇ ಇದ್ದವು. ಸ್ವಾಮಿಗಳು ಅವನನ್ನು ಕೂರಲು ಹೇಳಿದರು. ಯಾರ ಹೆಸರನ್ನೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿತ್ತು. ಆ ಊರಿನವರಿಗೆ ಹಾಕಿ ಎಂದರೆ ಹುಚ್ಚು. ಸುತ್ತಲಿನ ಊರುಗಳಿಗೂ ಅದೇ ಹುಚ್ಚು ಇದ್ದದ್ದರಿಂದ ಊರಿಗೊಂದು ತಂಡ, ವರ್ಷಕ್ಕೊಂದು ಪಂದ್ಯಾವಳಿ. ಪಂದ್ಯಾವಳಿ ಮುಗಿದ ಮೇಲೆ, ಆ ವರ್ಷ ಬೆಳೆದು ಬಂದ ಹೊಸ ಆಟಗಾರರನ್ನು ತಂಡಗಳು ಹಂಚಿಕೊಳ್ಳುತ್ತಿದ್ದವು. ಹಂಚಿಕೊಳ್ಳಲು ಒಂದು ನಿಯಮವಿತ್ತು. ಎಲ್ಲರಿಗಿಂತ ಕೊನೆಗೆ ಬಂದ ತಂಡಕ್ಕೆ ಆರಿಸುವ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಸೋತವರು ಸೋಲುತ್ತಲೇ ಇರಬಾರದು ಎಂದು ಯಾರೋ ಪುಣ್ಯಾತ್ಮರು ಕನಿಕರದಿಂದ ಮಾಡಿದ ನಿಯಮ ಅದು. ಜನ ಅದನ್ನು ಎಲ್ಲಿಗೆ ಕೊಂಡೊಯ್ಯುತ್ತಾರೆ ಎಂದು ಆ ಪುಣ್ಯಾತ್ಮರು ಯೋಚಿಸಿರಲಿಲ್ಲ.

ಆ ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಸಂಜೆಯಾದರೆ ಅವನ ಅಂಗಡಿಯ ಕಟ್ಟೆಯ ಮೇಲೆ ಹಾಕಿ ಅಭಿಮಾನಿಗಳು ಸೇರುತ್ತಿದ್ದರು. ಅವನಲ್ಲಿ ಒಂದು ಹಲಗೆ ಇತ್ತು, ಕೋಲಿನಿಂದ ಬಾರಿಸುವಂಥದು. ಪಂದ್ಯದ ದಿನ ಅದನ್ನು ಹೆಗಲಿಗೆ ಹಾಕಿಕೊಂಡು ಅವನು ಮುಂದೆ, ಊರವರು ಹಿಂದೆ.

ಬೇರೆ ಊರಿನ ಅಭಿಮಾನಿಗಳು ಎದುರಾಳಿಯ ಗೋಲಿನ ಹಿಂದೆ ನಿಲ್ಲುತ್ತಾರೆ, ತಮ್ಮವರು ಗೋಲು ಹೊಡೆಯುವುದನ್ನು ಹತ್ತಿರದಿಂದ ನೋಡಲು. ಈ ಊರಿನ ರೂಢಿಯೇ ಬೇರೆ. ಇವರು ತಮ್ಮ ಗೋಲಿನ ಹಿಂದೆಯೇ ನಿಲ್ಲುತ್ತಿದ್ದರು. ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದರೆ ಇವರೂ ಹಲಗೆ ಎತ್ತಿಕೊಂಡು, ಪಂಚೆ ಮೇಲೆ ಕಟ್ಟಿಕೊಂಡು, ಮೈದಾನ ಸುತ್ತಿ ಆ ತುದಿಗೆ ಓಡುತ್ತಿದ್ದರು. ಗೋಲು ಕಾಯುವವನು ಒಂಟಿ, ಅವನ ಬೆನ್ನಿಗೆ ನಾವಿರಬೇಕು ಎನ್ನುತ್ತಿದ್ದರು. ಅವನು ಚೆಂಡು ತಡೆದರೆ ಸಾಕು, ಹಲಗೆ ಮೊಳಗುತ್ತಿತ್ತು.

ಗೋಲು ಕಾಯುತ್ತಿದ್ದವನು ಒಬ್ಬ ಬಡಗಿ. ಬಹಳ ವರ್ಷಗಳಿಂದ ಕಾಯುತ್ತಿದ್ದ. ಮೊಣಕಾಲು ನೋಯುತ್ತಿತ್ತು, ಆದರೂ ನೆಲಕ್ಕೆ ಹಾರಿ ಬೀಳುವುದನ್ನು ಬಿಟ್ಟಿರಲಿಲ್ಲ. ಬಿದ್ದವನು ತಾನಾಗಿ ಏಳುತ್ತಿರಲಿಲ್ಲ. ಬೆನ್ನ ಹಿಂದೆ ಹಲಗೆಯ ಸದ್ದು ಕೇಳುವವರೆಗೆ ಹಾಗೇ ಬಿದ್ದಿದ್ದು, ಕೇಳಿದ ಮೇಲೆ ಏಳುತ್ತಿದ್ದ. ಅದು ಅವನ ಅಭ್ಯಾಸ. ಅವನಿಗೆ ಅದೇ ಸಂಬಳ, ಅದೇ ಬಹುಮಾನ.

ಒಂದು ವರ್ಷ ತಂಡ ಬಹಳ ಪಂದ್ಯ ಸೋತಿತು. ಕಟ್ಟೆಯ ಮೇಲಿನವರು ಮೊದಲು ಅತ್ತರು, ಆಮೇಲೆ ಬೈದರು, ಆಮೇಲೆ ಮುಂದಿನ ವರ್ಷದ ಮಾತು ತೆಗೆದರು. ಆ ಸಲ ಹೊಸಬರಲ್ಲಿ ಇಬ್ಬರ ಹೆಸರು ಸುತ್ತಮುತ್ತ ಹರಡಿತ್ತು. ಒಬ್ಬ ಮುಂದೆ ನಿಂತು ಗೋಲು ಹೊಡೆಯುವವನು. ಇನ್ನೊಬ್ಬ ಗೋಲು ಕಾಯುವವನು. ವ್ಯಾಪಾರಿಗೆ ಕಾಯುವವನು ಬೇಕಾಗಿತ್ತು. ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂರುವ, ನಿವೃತ್ತಿಯಾದ ಒಬ್ಬ ಮಾಸ್ತರನಿಗೆ ಹೊಡೆಯುವವನು ಬೇಕಾಗಿತ್ತು.

"ಹಿತ್ತಲ ಬಾಗಿಲಾ ತೆರದಿಟ್ಟು ಎಷ್ಟ ಗೋಲು ಹೊಡದ್ರ ಏನ್ ಬಂತ್ರಿ, ಮಾಸ್ತರ?"

"ಬಾಗಿಲಾ ಹಾಕ್ಕೊಂಡು ಒಳಗ ಕುಂತ್ರ ಗೆದ್ದಂಗಾತೇನ್ರಿ, ಸಾವಕಾರ್ರ?"

ಊರು ಎರಡು ಪಾಲಾಯಿತು. ಬೀಗರು ಬೀಗರ ಜೊತೆ ಮಾತು ಬಿಟ್ಟರು. ಆ ಇಬ್ಬರು ಹುಡುಗರ ಆಟವನ್ನು ಕಟ್ಟೆಯವರಲ್ಲಿ ಹೆಚ್ಚಿನವರು ನೋಡಿಯೇ ಇರಲಿಲ್ಲ, ನೋಡಿದವರು ಒಮ್ಮೆ ನೋಡಿದ್ದರು. ಆದರೆ ಗೊತ್ತಿಲ್ಲದ ಸಂಗತಿ ಒಂದೂ ಇರಲಿಲ್ಲ. ಹೊಡೆಯುವವನ ಪಾದ ಒಮ್ಮೆ ಉಳುಕಿತ್ತಂತೆ. ಅವನು ಹಾಲು ಕುಡಿಯುವುದಿಲ್ಲವಂತೆ. ಕಾಯುವವನ ಅಜ್ಜನಿಗೆ ಕಣ್ಣು ಮಂದವಿತ್ತು ಎಂಬ ಸುದ್ದಿ ಒಂದು ಸಂಜೆ ಬಂತು. ಅಂದು ಯಾರಿಗೂ ಚಹಾ ರುಚಿಸಲಿಲ್ಲ. ಅಂಗಡಿಗೆ ಬಂದವರು ಧೋತರ ಕೇಳಿದರೆ ವ್ಯಾಪಾರಿ ಟವೆಲ್ಲು ಕೊಟ್ಟ.

ಇಷ್ಟರಲ್ಲಿ ಇನ್ನೊಂದು ಹೆದರಿಕೆ ಹುಟ್ಟಿತು. ಮೊದಲು ಆರಿಸುವವರು ತಾವೇ ಆಗದಿದ್ದರೆ? ಪಕ್ಕದ ಊರಿನ ತಂಡವೂ ಸೋಲುತ್ತಲೇ ಇತ್ತು, ಇವರಿಗಿಂತ ಒಂದು ಕೈ ಮೇಲಾಗಿ ಸೋಲುತ್ತಿತ್ತು. ಆ ಊರು ಸೋತ ಸುದ್ದಿ ಬಂದರೆ ಕಟ್ಟೆಯ ಮೇಲೆ ಸೂತಕದ ಮೌನ. ಆ ಊರು ಗೆದ್ದರೆ ಇಲ್ಲಿ ಪೇಢಾ ಹಂಚುತ್ತಿದ್ದರು. ತಮ್ಮ ತಂಡ ನಡುವೆ ಒಂದು ಪಂದ್ಯ ಗೆದ್ದು ಬಂದ ದಿನ ಆಟಗಾರರನ್ನು ಎದುರುಗೊಳ್ಳಲು ಯಾರೂ ಹೋಗಲಿಲ್ಲ. ಈಗ ಗೆದ್ದು ಏನು ಪ್ರಯೋಜನ ಎಂದು ಮಾಸ್ತರ ಲೆಕ್ಕ ಬಿಡಿಸಿ ಹೇಳಿದ. ಲೆಕ್ಕ ಸರಿಯಾಗಿತ್ತು. ಆ ಒಂದು ವಿಷಯದಲ್ಲಿ ವ್ಯಾಪಾರಿಯೂ ಮಾಸ್ತರನೂ ಒಂದಾದರು.

ಅವರು ಕೆಟ್ಟವರಲ್ಲ. ತಂಡದ ಮೇಲೆ ಅವರಿಗೆ ಜೀವ. ಆ ಪ್ರೀತಿಯಿಂದಲೇ ಹೀಗಾದರು ಎಂಬುದು ನನ್ನನ್ನು ಹೆದರಿಸುತ್ತದೆ, ಎಂದರು ಸ್ವಾಮಿಗಳು.

ಕೊನೆಯ ಪಂದ್ಯ ಆ ಪಕ್ಕದ ಊರಿನ ಮೇಲೆಯೇ ಬಿತ್ತು. ಇವರು ಸೋತರೆ ಇವರು ಕೊನೆ. ಗೆದ್ದರೆ, ಇಲ್ಲವೇ ಸಮ ಮಾಡಿಕೊಂಡರೆ, ಆ ಊರು ಕೊನೆ. ಎರಡೂ ಊರಿನವರು ತಮ್ಮ ತಂಡ ಸೋಲಲಿ ಎಂದು ದೇವರಿಗೆ ಕಾಯಿ ಒಡೆಸಿದರು. ದೇವರಿಗೆ ಅಂಥ ಪೇಚು ಹಿಂದೆ ಬಂದಿರಲಾರದು.

ಪಂದ್ಯದ ಹಿಂದಿನ ಸಂಜೆ ಬಡಗಿ ಅಂಗಡಿಗೆ ಬಂದ. ಕಟ್ಟೆಯ ಮೇಲಿನ ಮಾತು ತಟ್ಟನೆ ನಿಂತಿತು. ಅವನು ವ್ಯಾಪಾರಿಯನ್ನು ಕೇಳಿದ:

"ಸಾವಕಾರ್ರ, ನಾಳಿಗೆ ನನ್ನ ಕಡೀ ಆಟ. ಹಲಗಿ ತರ್ತೀರಿಲ್ಲೋ?"

"ತರದ ಬಿಡ್ತೀವೇನಪಾ!" ಎಂದ ವ್ಯಾಪಾರಿ.

ಹೇಳುವಾಗ ಅವನು ಬಡಗಿಯ ಮುಖ ನೋಡಲಿಲ್ಲ. ಬಟ್ಟೆ ಅಳೆಯುವ ಗಜಕೋಲನ್ನು ಒರೆಸುತ್ತಿದ್ದ.

ಮರುದಿನ ಆಟ ನಡೆಯಿತು. ಆಟಗಾರರಿಗೆ ಹರಕೆಯ ಸುದ್ದಿ ಗೊತ್ತಿರಲಿಲ್ಲ. ಅವರು ಗೆಲ್ಲಲು ಆಡಿದರು. ಊರವರು ರೂಢಿಯಂತೆ ಬಡಗಿಯ ಬೆನ್ನ ಹಿಂದೆ ನಿಂತರು. ಅರ್ಧ ಆಟಕ್ಕೆ ಮೈದಾನ ಸುತ್ತಿ ಓಡಿ ಮತ್ತೆ ಅವನ ಬೆನ್ನ ಹಿಂದೆಯೇ ನಿಂತರು. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಎರಡೂ ಕಡೆ ಸಮ ಇತ್ತು. ಮಾಸ್ತರ ಕಣ್ಣು ಮುಚ್ಚಿ ಬಾಯಲ್ಲೇ ಏನನ್ನೋ ಪಠಿಸುತ್ತಿದ್ದ.

ಆಗ ಎದುರಾಳಿಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯುವವನೊಬ್ಬ, ತಡೆಯುವವನೊಬ್ಬ. ನಡುವೆ ಬೇರೆ ಯಾರೂ ಇರುವುದಿಲ್ಲ. ಹೊಡೆಯುವವನು ಮೂಲೆಗೆ ಹೊಡೆದ. ಬಡಗಿ ಹಾರಿದ. ಚೆಂಡು ಅವನ ಕೈಗೆ ತಾಗಿ ಹೊರಗೆ ಹೋಯಿತು.

ಅವನು ನೆಲಕ್ಕೆ ಬಿದ್ದ. ಬಿದ್ದಲ್ಲೇ ಇದ್ದ.

ಹಲಗೆ ಸುಮ್ಮನಿತ್ತು.

ಅವನು ಕಾದ. ಅಂಥ ಚೆಂಡನ್ನು ಅವನು ಹಿಂದೆ ತಡೆದಿರಲಿಲ್ಲ. ಹಲಗೆ ತಡವಾಯಿತೇನೋ ಎಂದುಕೊಂಡು ಇನ್ನೂ ಸ್ವಲ್ಪ ಕಾದ. ಬೆನ್ನ ಹಿಂದಿನಿಂದ ಒಂದೇ ಒಂದು ಸದ್ದು ಬಂತು. "ಛೇ" ಎಂದು ಯಾರೋ ಅಂದರು. ಸಣ್ಣಗೆ ಅಂದರು, ಆದರೆ ಅವರು ನಿಂತಿದ್ದದ್ದು ಬಹಳ ಹತ್ತಿರ.

ಬಡಗಿ ನೆಲಕ್ಕೆ ಕೈಯೂರಿ ಎದ್ದು ಹಿಂದಕ್ಕೆ ತಿರುಗಿದ. ತಾನು ಹೆಸರು ಹಿಡಿದು ಕರೆಯುವ ಜನ. ಒಬ್ಬರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ವ್ಯಾಪಾರಿಯ ಕೈಯಲ್ಲಿ ಕೋಲು ಇತ್ತು, ಅದು ಕೆಳಗಿತ್ತು. ಆಟ ಮತ್ತೆ ಶುರುವಾದದ್ದು ಬಡಗಿಗೆ ಗೊತ್ತಾಯಿತೋ ಇಲ್ಲವೋ. ಚೆಂಡು ತಿರುಗಿ ಬಂದಾಗ ಅವನು ಇನ್ನೂ ಪೂರ್ತಿ ಮುಂದಕ್ಕೆ ತಿರುಗಿರಲಿಲ್ಲ. ನೇರವಾಗಿ ಬಂದ ಚೆಂಡು, ಯಾರು ಬೇಕಾದರೂ ತಡೆಯಬಹುದಾದ ಚೆಂಡು, ಅವನ ಪಕ್ಕದಿಂದ ಒಳಗೆ ಹೋಯಿತು.

ಹಲಗೆ ಮೊಳಗಿತು.

ತಾನು ಬಾರಿಸಬೇಕೆಂದು ಬಾರಿಸಿದನೋ, ಕೈ ತಾನಾಗಿ ಹೋಯಿತೋ ಎಂಬುದು ವ್ಯಾಪಾರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಒಂದೇ ಪೆಟ್ಟು. ಎರಡನೆಯದಕ್ಕೆ ಕೈ ಏಳಲಿಲ್ಲ.

ಆಟ ಮುಗಿದ ಮೇಲೆ ಬಡಗಿ ಕಾಲಿನ ಪ್ಯಾಡು ಬಿಚ್ಚಿ ತಂದು ಅಂಗಡಿಯ ಕಟ್ಟೆಯ ಮೇಲಿಟ್ಟ. "ಬರಾವಂಗ ಆಗ್ತಾವು, ಇಟ್ಕೋರ್ರಿ," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಕಟ್ಟೆಯವರಿಗೆ ಸ್ವಲ್ಪ ಹಗುರಾಗುತ್ತಿತ್ತು. ಆಮೇಲೆ ಅವನು ಮೈದಾನದ ಕಡೆ ಬರಲಿಲ್ಲ. ಅಂಗಡಿಯ ಮುಂದಿನ ದಾರಿಯನ್ನೂ ಬಿಟ್ಟ.

ಊರಿಗೆ ಮೊದಲ ಸರದಿ ಸಿಕ್ಕಿತು. ವ್ಯಾಪಾರಿಯ ಮಾತೇ ನಡೆದು, ಗೋಲು ಕಾಯುವ ಹೊಸಬನನ್ನು ಆರಿಸಿದರು. ಆರಿಸಿದ್ದರಲ್ಲಿ ತಪ್ಪಿರಲಿಲ್ಲ. ಅವನಷ್ಟು ಚೆನ್ನಾಗಿ ಕಾಯುವವರು ಆ ಸೀಮೆಯಲ್ಲಿ ಇರಲಿಲ್ಲ. ಅವನು ಊರಿಗೆ ಬಂದ ದಿನ ವ್ಯಾಪಾರಿ ಹಾರ ಹಾಕಿದ, ಶಾಲು ಹೊದಿಸಿದ. ಹಲಗೆಯನ್ನು ತಂದು ತೋರಿಸಿದ. "ನೀ ಹೆದರಬ್ಯಾಡಪಾ, ನಿನ್ನ ಬೆನ್ನ ಹಿಂದ ನಾವದೀವಿ," ಎಂದ.

ಹುಡುಗ ಹಲಗೆಯನ್ನು ನೋಡಿದ. ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆವತ್ತಿನ ಆಟಾ ನೋಡಾಕ ನಾನೂ ಬಂದಿದ್ದೆ, ಸಾವಕಾರ್ರ," ಎಂದ. "ಗುಂಪಿನಾಗ ನಿಮ್ಮ ಮಗ್ಗಲಕ ನಿಂತಿದ್ದೆ. ನೀವು ಆರಿಸೀರಿ, ನಾ ಆಡ್ತೀನಿ. ಚೆಂಡು ಬಿಡಾಂಗಿಲ್ಲ. ನಂದು ಒಂದ ಮಾತು ನಡಸಿಕೊಡ್ರಿ. ನನ್ನ ಬೆನ್ನ ಹಿಂದ ಮಾತ್ರ ನಿಲ್ಲಬ್ಯಾಡ್ರಿ."

ವ್ಯಾಪಾರಿ ಹಲಗೆಯನ್ನು ಅಂಗಡಿಯೊಳಗೆ ಒಯ್ದಿಟ್ಟ. ಮಾಸ್ತರ ಕಟ್ಟೆಯಿಂದ ಇಳಿದು ಮನೆಗೆ ಹೋದ.

ಮುಂದಿನ ವರ್ಷದಿಂದ ಆ ಊರಿನವರು ಎಲ್ಲರ ಹಾಗೆ ಎದುರಾಳಿಯ ಗೋಲಿನ ಹಿಂದೆ ನಿಲ್ಲತೊಡಗಿದರು. ತಂಡ ಗೆಲ್ಲತೊಡಗಿತು. ಹುಡುಗ ಚೆಂಡು ತಡೆದಾಗ ದೂರದ ತುದಿಯಿಂದ ಹಲಗೆ ಬಾರಿಸುತ್ತಿದ್ದರು. ಅವನು ಅದಕ್ಕೆ ಕಾಯುತ್ತಿರಲಿಲ್ಲ. ಬಿದ್ದ ಕೂಡಲೇ ಏಳುತ್ತಿದ್ದ, ಎದ್ದವನು ಒಮ್ಮೆ ತಿರುಗಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ನಿಲ್ಲುತ್ತಿದ್ದ. ಆ ತಿರುಗಿ ನೋಡುವುದನ್ನು ಕಂಡರೆ ವ್ಯಾಪಾರಿಗೆ ಗೆದ್ದ ಆಟವೂ ಬೇಡವಾಗುತ್ತಿತ್ತು.

ಸ್ವಾಮಿಗಳು ಇಲ್ಲಿಗೆ ನಿಲ್ಲಿಸಿ ನೀರು ಕುಡಿದರು.

ಕತೆ ಮುಂದುವರಿಯಲಿಲ್ಲ. ಹಾಲಯ್ಯನ ಆತಂಕ ಇದ್ದಲ್ಲೇ ಇತ್ತು.

"ಅವರು ಆರಿಸಿದ್ದು ಸರಿನ ಇತ್ತಲ್ರಿ, ಅಜ್ಜಾರ," ಎಂದ. "ಹಂಗಾರ ನಾವು ಯಾರನ್ನ ಆರಿಸೂಣು?"

ಸ್ವಾಮಿಗಳು ಬಟ್ಟಲನ್ನು ಅವನ ಕೈಗೆ ಕೊಟ್ಟರು.

"ಹಾಲಯ್ಯ, ನನ್ನ ಜ್ವರ ಬಿಟ್ಟೈತಿ ಅಂತ ಇವತ್ತ ಮುಂಜಾನೆ ನೀ ಹೋಗಿ ಹೇಳಿದ್ಯಲ್ಲ, ಆಗ ಜಗಲಿ ಎಷ್ಟೊತ್ತು ಸುಮ್ಮನಿತ್ತು?"